1979ರ ಗನ್‌ಡಮ್ ಇವತ್ತಿಗೂ ನೋಡುವ ಹಾಗಿದೆಯಾ?

ಕಡ್ಲೆಪುರಿ:

ಎಲ್ಲರಿಗೂ ನಮಸ್ಕಾರ. ದೊಡ್ಡ ರೋಬೋಗಳೊಳಗೆ ಕೂತು ಯುದ್ಧ ಮಾಡುವ ಜಪಾನಿ ಕಾರ್ಟೂನ್ ಸರಣಿ ಗನ್‌ಡಮ್ ಇದೆಯಲ್ಲ, ಅದರಲ್ಲಿ 2025ರಲ್ಲಿ ಬಂದ ಗನ್‌ಡಮ್ ಜಿಕ್ವಾಕ್ಸ್ ನೋಡಿ ಮುಗಿಸಿದೆ. 12 ಕಂತು, ಮೂರು ರಾತ್ರಿ. ಚಿತ್ರ, ಹಾಡು, ಓಟ ಎಲ್ಲಾ ತುಂಬಾ ಹಿಡಿಸಿತು. ಆದರೆ ಮುಖವಾಡದವನೊಬ್ಬ ಬಂದು ನಿಂತರೆ ಸಾಕು, ಹಳೇ ಅಭಿಮಾನಿಗಳೆಲ್ಲ ಕುಣಿದಾಡುತ್ತಾರೆ, ನನಗೆ ಮಾತ್ರ ಯಾಕೆ ಅಂತಲೇ ಗೊತ್ತಾಗಲಿಲ್ಲ. ಮದುವೆ ಮನೆಗೆ ಹೋಗಿ, ಯಾರು ಯಾರ ಕಡೆಯವರು ಅಂತ ತಿಳಿಯದೆ ಊಟ ಮಾಡಿ ಎದ್ದು ಬಂದ ಹಾಗಾಯಿತು.

ಆಫೀಸಿನ ಗೆಳೆಯನನ್ನು ಕೇಳಿದೆ. ಇದು ಮೊದಲ ಗನ್‌ಡಮ್ ಕಥೆಯನ್ನೇ ತಿರುಗಿಸಿ ಹೇಳಿದ್ದು, ಅಲ್ಲಿ ಸೋತವರು ಇಲ್ಲಿ ಗೆದ್ದಿದ್ದಾರೆ, ಮೊದಲು 1979ರದ್ದು ನೋಡು ಅಂದ. ಸರಿ ಅಂತ ಮೊದಲ ಕಂತು ಹಾಕಿದೆ. ನಿಜ ಹೇಳುತ್ತೇನೆ, ಹತ್ತು ನಿಮಿಷಕ್ಕೆ ನಿಲ್ಲಿಸಿದೆ. ಚೌಕದ ಪರದೆ, ಮಾಸಿದ ಬಣ್ಣ, ಬಾಯಿ ಮಾತ್ರ ಅಲ್ಲಾಡುವ ಮುಖಗಳು. 43 ಕಂತು ಅಂದರೆ ಹದಿನೇಳು ಗಂಟೆ. ಕೆಲಸ ಮುಗಿಸಿ ಮನೆ ಸೇರುವಷ್ಟರಲ್ಲೇ ರಾತ್ರಿ ಒಂಬತ್ತಾಗುತ್ತದೆ, ಅಷ್ಟು ಹೊತ್ತು ಎಲ್ಲಿಂದ ತರಲಿ?

ಅದೇ ಕಥೆಯ ಮೂರು ಸಿನಿಮಾಗಳೂ ಇವೆಯಂತೆ. ಅವನ್ನು ನೋಡಿದರೆ ಸಾಕಾ? ಅಥವಾ ಆಗಿನ ಕಾಲಕ್ಕೆ ದೊಡ್ಡದಾಗಿತ್ತು ಅಂತ ಈಗಲೂ ಸುಮ್ನೆ ಹೊಗಳುತ್ತಾರಾ? ನೋಡಿದವರು ಹೇಳಿ. ಕೊನೆ ಮಾತ್ರ ಹೇಳಬೇಡಿ.


ಹಳೇಟೀವಿ:

ನೋಡಿ. ಸಿನಿಮಾ ಅಲ್ಲ, 43 ಕಂತೂ ನೋಡಿ.

ಹತ್ತು ನಿಮಿಷಕ್ಕೆ ನಿಲ್ಲಿಸಿದಿರಲ್ಲ, ಇನ್ನೊಂದು ಹತ್ತು ನಿಮಿಷ ತಡೆಯಬೇಕಿತ್ತು. ಕಥಾನಾಯಕ ಅಮುರೊ ಹದಿನೈದು ವರ್ಷದ ಹುಡುಗ. ಯಂತ್ರ ಬಿಚ್ಚಿ ಜೋಡಿಸುತ್ತಾ ಕೂತರೆ ಊಟ ಬಟ್ಟೆಯ ನೆನಪೂ ಇರದವನು. ಅವನ ಊರಿನ ಮೇಲೆ ದಾಳಿಯಾಗುತ್ತದೆ. ಪಕ್ಕದ ಮನೆಯ ಹುಡುಗಿ ಫ್ರಾ ಬೋಳ ತಾಯಿ, ತಾತ ಕಣ್ಣೆದುರೇ ಸಾಯುತ್ತಾರೆ. ಅವಳು ಹೆಣದ ಮೇಲೆ ಬಿದ್ದು ಅಳುತ್ತಿರುವಾಗ ಅವಳನ್ನು ಎಬ್ಬಿಸಿ, ಓಡು ಅಂತ ಕಳಿಸಿ, ತಾನು ಹೋಗಿ ಗನ್‌ಡಮ್ ಅನ್ನುವ ಯಂತ್ರ ಹತ್ತುತ್ತಾನೆ. ಹತ್ತಿದ ತಕ್ಷಣ ಶೂರನಾಗುವುದಿಲ್ಲ. ಕೈಯಲ್ಲಿ ಅದರ ಕೈಪಿಡಿ ಇರುತ್ತದೆ. ಶತ್ರು ಎದುರಿಗೆ ನಿಂತಿರುವಾಗ ಹಾಳೆ ತಿರುವಿ, ಯಾವ ಗುಂಡಿ ಒತ್ತಬೇಕು ಅಂತ ಓದುತ್ತಾನೆ! ಅಲ್ಲಿಯವರೆಗೆ ಬಂದಿದ್ದ ರೋಬೋ ಕಥೆಗಳಲ್ಲಿ ಯಂತ್ರ ಅಂದರೆ ದೇವರು ಕೊಟ್ಟ ಅಸ್ತ್ರದ ಹಾಗೆ. ಇಲ್ಲಿ ಅದು ಸೈನ್ಯದ ಸಾಮಾನು. ಕೆಡುತ್ತದೆ, ಗುಂಡು ಖಾಲಿಯಾಗುತ್ತದೆ, ರಿಪೇರಿ ಬೇಕು.

ಇನ್ನೊಂದು ಹೇಳಲೇಬೇಕು. 16ನೇ ಕಂತಿನಲ್ಲಿ, ಅಮುರೊ ಇರುವ ಹಾರುವ ಯುದ್ಧ ಹಡಗಿನ ಅಡುಗೆಯವನು ಬಂದು ಉಪ್ಪು ಮುಗಿಯುತ್ತಿದೆ ಅನ್ನುತ್ತಾನೆ. ಅಷ್ಟೇ ವಿಷಯ. ಯುದ್ಧದ ಮಧ್ಯೆ ಇಡೀ ಹಡಗು ಉಪ್ಪಿನ ಸರೋವರ ಹುಡುಕಿಕೊಂಡು ಹೋಗುತ್ತದೆ. ಹಡಗಿನ ತುಂಬಾ ಮಕ್ಕಳು, ಮುದುಕರು, ನಿರಾಶ್ರಿತರು. ಕ್ಯಾಪ್ಟನ್ ಬ್ರೈಟ್‌ಗೇ 19 ವರ್ಷ. ಅವನ ತಲೆಯಲ್ಲಿ ಶತ್ರುವಿನ ಜೊತೆಗೆ ಅಡುಗೆಮನೆಯ ಡಬ್ಬಿಯೂ ಇರಬೇಕು. ಯುದ್ಧ ಅಂದರೆ ಹೀಗೇ ಇರುತ್ತದೆ ಅಲ್ವಾ?

ನನಗೆ ಎಲ್ಲಕ್ಕಿಂತ ಇಷ್ಟ 14ನೇ ಕಂತು. ಶತ್ರು ಜಿಯಾನ್ ಸೈನ್ಯದ ಕೆಲವು ಸಣ್ಣ ಸೈನಿಕರು. ಗನ್‌ಡಮ್ ಅನ್ನು ಒಡೆದರೆ ಊರಿಗೆ ಹೋಗಬಹುದು ಅನ್ನುವ ಆಸೆ ಅವರಿಗೆ. ಅವರ ಹತ್ತಿರ ದೊಡ್ಡ ಯಂತ್ರವೇನೂ ಇಲ್ಲ, ಹಾರುವ ಸಣ್ಣ ಗಾಡಿಗಳಲ್ಲಿ ಬಂದು ಗನ್‌ಡಮ್ ಮೈಮೇಲೆ ಟೈಮ್ ಬಾಂಬ್ ಅಂಟಿಸಿ ಓಡಿಹೋಗುತ್ತಾರೆ. ಕಂತಿನ ಉಳಿದ ಭಾಗದಲ್ಲಿ ಜಗಳವೇ ಇಲ್ಲ. ಅಮುರೊ ಬೆವರು ಒರೆಸಿಕೊಂಡು ಒಂದೊಂದೇ ಬಾಂಬ್ ಬಿಚ್ಚುತ್ತಾನೆ. ಆ ಸೈನಿಕರು ದೂರದಲ್ಲಿ ಕೂತು ನೋಡುತ್ತಾರೆ. ಎಲ್ಲಾ ಮುಗಿದ ಮೇಲೆ ಅವರೇ ಬೇರೆ ಬಟ್ಟೆ ಹಾಕಿಕೊಂಡು ಬಂದು, ಈ ಕೆಲಸ ಮಾಡಿದವನು ಯಾರು ಅಂತ ಅವನ ಮುಖ ನೋಡಿ, ನಾಲ್ಕು ಮಾತಾಡಿ ಹೋಗುತ್ತಾರೆ. ಅಷ್ಟು ಚಿಕ್ಕ ಹುಡುಗ ಅಂತ ಅವರಿಗೆ ಗೊತ್ತಿರಲಿಲ್ಲ. ಈ ಕಂತನ್ನು ನಾನು ಆರೇಳು ಸಲ ನೋಡಿದ್ದೇನೆ. ಇಂಥ ಸಣ್ಣ ಕಥೆಗಳಿಗೆ ಸಿನಿಮಾದ ಓಟದಲ್ಲಿ ಎಲ್ಲಿಯ ಜಾಗ?

ಚಿತ್ರ ಕೆಟ್ಟದಾಗಿದೆ ಅನ್ನುವುದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಕೆಲವು ಕಡೆ ಕೈಕಾಲು ಅಳತೆಗೇ ಇರುವುದಿಲ್ಲ. ಐದಾರು ಕಂತು ಕಳೆದ ಮೇಲೆ ನನ್ನ ಕಣ್ಣು ಅದಕ್ಕೆ ಹೊಂದಿಕೊಂಡಿತು.


ಸಂಜೆಬಸ್ಸು:

ಹಳೇಟೀವಿಯವರ ಪ್ರೀತಿ ನನಗೂ ಗೊತ್ತು, ಆದರೆ ಮನೆಗೆ ಒಂಬತ್ತಕ್ಕೆ ಬರುವವರಿಗೆ 43 ಕಂತು ಅಂದರೆ ಅವರು ಆರನೇ ಕಂತಿಗೇ ಬಿಡುತ್ತಾರೆ. ನಾನು ಹೇಳುವುದು ಸಿನಿಮಾ. 1981ರ ಮಾರ್ಚ್‌ನಲ್ಲಿ ಒಂದು, ಜುಲೈನಲ್ಲಿ ಇನ್ನೊಂದು, 1982ರ ಮಾರ್ಚ್‌ನಲ್ಲಿ ಮೂರನೆಯದು. ಒಂದೊಂದೂ ಎರಡು ಗಂಟೆಗಿಂತ ಜಾಸ್ತಿ. ಮೂರು ಭಾನುವಾರ ಸಾಕು.

ಸಮಯ ಉಳಿಯುತ್ತದೆ ಅನ್ನುವುದೊಂದೇ ಕಾರಣವಲ್ಲ. ಟೀವಿ ಸರಣಿ ನಡೆಯುವಾಗ ಪಾತ್ರಗಳನ್ನು ರೂಪಿಸಿದ ಯೊಶಿಕಾಜು ಯಾಸುಹಿಕೊ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದರು. ಕೊನೆಯ ಕಂತುಗಳಲ್ಲಿ ಅವರ ಕೈ ಇಲ್ಲ ಅನ್ನುವುದು ಮುಖ ನೋಡಿದರೇ ಗೊತ್ತಾಗುತ್ತದೆ. ಮೂರನೇ ಸಿನಿಮಾ ಹೊತ್ತಿಗೆ ಅವರು ಗುಣವಾಗಿ ಬಂದು ಬಹಳಷ್ಟು ಭಾಗದ ಚಿತ್ರಗಳನ್ನು ಹೊಸದಾಗಿ ಬರೆದರು. ಕಥೆಯ ಅತಿ ಮುಖ್ಯವಾದ ಭಾಗ ಅದೇ. ಅದನ್ನು ಚೆನ್ನಾಗಿರುವ ಚಿತ್ರದಲ್ಲೇ ಮೊದಲ ಸಲ ನೋಡಲಿ ಅಂತ ನನ್ನ ಆಸೆ.

ಮತ್ತೆ ಆ ಜಿ-ಆರ್ಮರ್ ವಿಷಯ. ಟೀವಿ ಸರಣಿಗೆ ದುಡ್ಡು ಹಾಕಿದ್ದು ಕ್ಲೋವರ್ ಅನ್ನುವ ಆಟಿಕೆ ಕಂಪನಿ. ಆಟಿಕೆ ಮಾರಬೇಕಲ್ಲ, ಅದಕ್ಕೆ ಅರ್ಧ ದಾರಿಯಲ್ಲಿ ಗನ್‌ಡಮ್‌ಗೆ ಜೋಡಿಸುವ, ಬಿಚ್ಚುವ, ಮತ್ತೆ ಜೋಡಿಸುವ ಒಂದು ವಾಹನ ಬರುತ್ತದೆ. ಅದು ಬಂದಾಗಲೆಲ್ಲ ಕಥೆ ನಿಂತು ಜೋಡಣೆ ಶುರುವಾಗುತ್ತದೆ. ಸಿನಿಮಾದಲ್ಲಿ ನಿರ್ದೇಶಕ ಯೊಶಿಯುಕಿ ತೊಮಿನೊ ಅದನ್ನು ತೆಗೆದು ಕೋರ್ ಬೂಸ್ಟರ್ ಅನ್ನುವ ಸರಳ ವಿಮಾನ ಹಾಕಿದರು. ಅವರಿಗೆ ಬೇಕಾಗಿದ್ದ ಕಥೆ ಯಾವುದು ಅಂತ ಅಲ್ಲೇ ಕಾಣುತ್ತದೆ.

15ನೇ ಕಂತು, ದೋವಾನ್ ದ್ವೀಪದ್ದು, ಸಿನಿಮಾಗಳಲ್ಲಿ ಇಲ್ಲ. ಚಿತ್ರ ಕೆಟ್ಟದಾಗಿರುವುದಕ್ಕೇ ಹೆಸರಾದ ಕಂತು ಅದು. ಆದರೆ ಸೈನ್ಯ ಬಿಟ್ಟು ಓಡಿಬಂದು ಅನಾಥ ಮಕ್ಕಳನ್ನು ಸಾಕುವ ಸೈನಿಕನ ಕಥೆ ನಿಜಕ್ಕೂ ಒಳ್ಳೆಯದು. ಅದನ್ನೇ ಯಾಸುಹಿಕೊ 2022ರಲ್ಲಿ ಒಂದು ಇಡೀ ಸಿನಿಮಾ ಮಾಡಿದರು. ಮೂರು ಮುಗಿದ ಮೇಲೆ ಅದನ್ನೂ ನೋಡಿ.


ಕಡ್ಲೆಪುರಿ:

ಇಬ್ಬರಿಗೂ ಥ್ಯಾಂಕ್ಸ್. ಒಂದು ಅನುಮಾನ. ರೇಡಾರ್, ಕ್ಷಿಪಣಿ ಎಲ್ಲಾ ಇರುವ ಕಾಲದಲ್ಲಿ ಇಷ್ಟು ದೊಡ್ಡ ಯಂತ್ರಗಳು ಕತ್ತಿ, ಕೊಡಲಿ ಹಿಡಿದು ಯಾಕೆ ಹೊಡೆದಾಡುತ್ತವೆ? ಜಿಕ್ವಾಕ್ಸ್ ನೋಡುವಾಗಲೂ ಇದೇ ತಲೆ ತಿಂತಾ ಇತ್ತು.


ಹಳೇಟೀವಿ:

ಮಿನೊವ್ಸ್ಕಿ ಕಣ. ಅದನ್ನು ಹರಡಿದರೆ ರೇಡಾರ್, ರೇಡಿಯೋ ಎರಡೂ ಕೆಲಸ ಮಾಡುವುದಿಲ್ಲ. ದೂರದಿಂದ ಗುರಿ ಹಿಡಿಯಲು ಆಗದಿದ್ದರೆ ಹತ್ತಿರ ಹೋಗಿ ಕಣ್ಣಲ್ಲೇ ನೋಡಿ ಹೊಡೆಯಬೇಕು. ಜಿಯಾನ್‌ನವರು ಜಾಕು ಅನ್ನುವ ತಮ್ಮ ದೊಡ್ಡ ಯಂತ್ರ ಕಟ್ಟಿದ್ದೇ ಅದಕ್ಕೆ. ಅಮುರೊ ಕಡೆಯ ಭೂಮಿಯ ಒಕ್ಕೂಟ ಅಷ್ಟು ದೊಡ್ಡ ಸೈನ್ಯ ಇದ್ದೂ ಮೊದಲು ಸೋತಿದ್ದು ಇದರಿಂದಲೇ.


ನೀಲಿಕೊಡೆ:

ನಾನು ಎರಡು ಸಲ ಅರ್ಧಕ್ಕೆ ಬಿಟ್ಟು, ಮೂರನೇ ಸಲ ಮುಗಿಸಿದವಳು. ಹೊಗಳಿಕೆಯ ಜೊತೆಗೆ ಇದೂ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಮೊದಲ ಹತ್ತು ಕಂತು ಒಂದೇ ಅಚ್ಚು. ಹಡಗು ತಪ್ಪಿಸಿಕೊಳ್ಳುತ್ತದೆ, ಜಿಯಾನ್‌ನ ಆ ಮುಖವಾಡದ ಯೋಧ ಶಾರ್ ಬರುತ್ತಾನೆ, ಒಂದು ಹೊಸ ತಂತ್ರ, ಜಗಳ, ಮುಂದಿನ ವಾರ. ಹೆಣ್ಣುಮಕ್ಕಳನ್ನು ನಡೆಸಿಕೊಳ್ಳುವ ರೀತಿ ಕೆಲವು ಕಡೆ ನನಗೆ ಸಿಟ್ಟು ತರಿಸಿತು. ಹೆದರಿ ಕುಗ್ಗಿ ಕೂತ ಹುಡುಗನಿಗೆ ಕಪಾಳಕ್ಕೆ ಹೊಡೆದು ಯುದ್ಧಕ್ಕೆ ಎಬ್ಬಿಸುವುದನ್ನು ಎಷ್ಟೋ ಜನ ಮೆಚ್ಚಿ ಹೇಳುತ್ತಾರೆ, ನನಗೆ ಆ ದೃಶ್ಯದಲ್ಲಿ ಹೊಡೆಯುವ ಬ್ರೈಟ್ ಕೂಡ ಮಗುವೇ ಅನ್ನಿಸಿ ಸಂಕಟವಾಯಿತು.

ಲಾಲಾ ಬಗ್ಗೆ ನನ್ನ ದೂರು ಇನ್ನೂ ಜಾಸ್ತಿ. ಕಂದು ಮೈಬಣ್ಣ, ಹಣೆಯಲ್ಲಿ ಬೊಟ್ಟು, ನಮ್ಮ ಕಡೆಯ ಹುಡುಗಿ ಅನ್ನಿಸುವ ಹಾಗೆ ಬರೆದಿದ್ದಾರೆ. ಇಡೀ ಕಥೆಯ ಭಾರ ಕೊನೆಗೆ ಅವಳ ಮೇಲೆ ಬೀಳುತ್ತದೆ. ಆದರೆ ಅವಳು ಬರುವುದೇ 34ನೇ ಕಂತಿಗೆ. 52 ಕಂತು ಮಾಡಬೇಕು ಅಂತ ಇದ್ದದ್ದು, ನೋಡುವವರು ಕಡಿಮೆ, ಆಟಿಕೆ ಓಡುತ್ತಿಲ್ಲ ಅಂತ 43ಕ್ಕೇ ಮುಗಿಸಿದರು. ಆ ಒಂಬತ್ತು ಕಂತು ಸಿಕ್ಕಿದ್ದರೆ ಲಾಲಾಳ ಮನೆ, ಊರು, ಮನಸ್ಸು ಸ್ವಲ್ಪ ಕಾಣುತ್ತಿತ್ತೇನೋ ಅಂತ ಈಗಲೂ ಅನ್ನಿಸುತ್ತದೆ. ಕೆರೆಯ ದಡದಲ್ಲಿ ಅವಳು ಕೂತು, ಸಾಯುತ್ತಿರುವ ಹಂಸವನ್ನು ನೋಡುವ ಆ ಒಂದೇ ದೃಶ್ಯ ನನ್ನನ್ನು ಬಿಟ್ಟಿಲ್ಲ.

ಮೂರನೇ ಸಲ ಮುಗಿಸಿದ್ದು ಹೇಗೆ ಅಂದರೆ, ಒಂದೇ ಸಮನೆ ನೋಡುವುದನ್ನು ನಿಲ್ಲಿಸಿದೆ. ಶನಿವಾರ ಸಂಜೆ ಐದೂವರೆಗೆ ವಾರಕ್ಕೊಂದು ಅಂತ ಬರುತ್ತಿದ್ದ ಸರಣಿ ಇದು. ಮೂರು ಮೂರು ಒಟ್ಟಿಗೆ ನುಂಗಿದರೆ ಅಜೀರ್ಣವೇ. ನಾನು ರಾತ್ರಿ ಊಟದ ಜೊತೆ ಒಂದೇ ಒಂದು ನೋಡುತ್ತಿದ್ದೆ. ಬೆಲ್‌ಫಾಸ್ಟ್‌ನಲ್ಲಿ ತಮ್ಮ ತಂಗಿಯ ಹೊಟ್ಟೆ ತುಂಬಿಸಲು ಬೇಹುಗಾರಿಕೆ ಮಾಡುವ ಮಿಹಾರುವಿನ ಕಥೆ ಬಂದ ರಾತ್ರಿ ಅರ್ಧ ಊಟಕ್ಕೆ ಕೈ ತೊಳೆದೆ. ಮಾತು ಮಾತಿಗೂ ಕೊಂಕು ತೆಗೆಯುತ್ತಿದ್ದ, ಹಡಗಿನ ಇನ್ನೊಬ್ಬ ಹುಡುಗ ಕಾಯ್ ಅವಳಿಗಾಗಿ ಕೂತು ಅಳುವುದನ್ನು ನೋಡಿ ನಾನೂ ಅತ್ತೆ.

ಜಿಕ್ವಾಕ್ಸ್ ಅರ್ಥವಾಗಲಿ ಅಂತ ಮಾತ್ರ ನೋಡುವುದಾದರೆ ಸಿನಿಮಾ ಸಾಕು. ಈ ಮಕ್ಕಳ ಜೊತೆ ಇರಬೇಕು ಅನ್ನಿಸಿದರೆ ಸರಣಿಯೇ ಆಗಬೇಕು.


ಯೊಕೊಹಾಮಾ_ಕನ್ನಡಿಗ:

ತಡವಾಗಿ ಬಂದೆ. ನಾನು ಇಲ್ಲಿಗೆ, ಜಪಾನಿಗೆ, ಕೆಲಸಕ್ಕೆ ಬಂದ ಮೇಲೆಯೇ ಗನ್‌ಡಮ್ ನೋಡಿದ್ದು. 2020ರ ಡಿಸೆಂಬರಿನಿಂದ 2024ರ ಮಾರ್ಚ್‌ವರೆಗೆ ಇಲ್ಲಿನ ಬಂದರಿನಲ್ಲಿ 18 ಮೀಟರ್ ಎತ್ತರದ, ನಡೆದಾಡುವ ಹಾಗೆ ಕೈಕಾಲು ಆಡಿಸುವ ಗನ್‌ಡಮ್ ನಿಲ್ಲಿಸಿದ್ದರು. ಕಥೆಯಲ್ಲಿರುವಷ್ಟೇ ಎತ್ತರ. ಅದು ಒಂದು ಮಂಡಿ ಊರಿ ಏಳುವಾಗ ಪಕ್ಕದಲ್ಲಿದ್ದ ಅರುವತ್ತರ ಹತ್ತಿರದ ಗಂಡಸೊಬ್ಬರು ಟೋಪಿ ತೆಗೆದು ನಿಂತಿದ್ದರು. ಅಷ್ಟು ಪ್ರೀತಿ ಯಾಕೆ ಅಂತ ಅವತ್ತೇ ಮನೆಗೆ ಬಂದು ಮೊದಲ ಕಂತು ಹಾಕಿದೆ.

ನೀಲಿಕೊಡೆಯವರು ಹೇಳಿದ ಹಾಗೆ ಸರಣಿ 1980ರ ಜನವರಿಯಲ್ಲಿ ಅವಸರದಲ್ಲಿ ಮುಗಿಯಿತು. ಬಂಡಾಯ್ ಅನ್ನುವ ಇನ್ನೊಂದು ಆಟಿಕೆ ಕಂಪನಿಯವರು ಗನ್‌ಡಮ್‌ನ ಪ್ಲಾಸ್ಟಿಕ್ ಜೋಡಣೆ ಮಾದರಿ ತಂದದ್ದು ಆ ಜುಲೈನಲ್ಲಿ, ಸರಣಿ ಮುಗಿದು ಅರ್ಧ ವರ್ಷದ ಮೇಲೆ. ಬೆಲೆ 300 ಯೆನ್. ಮಕ್ಕಳ ಜೇಬಿಗೆ ನಿಲುಕುವ ಬೆಲೆ. ಮರುಪ್ರಸಾರ ಒಂದು ಕಡೆ, ಇದು ಒಂದು ಕಡೆ, ಜನ ಮುಗಿಬಿದ್ದರು. ಆಟಿಕೆ ಓಡಲಿಲ್ಲ ಅಂತ ನಿಂತ ಕಥೆ ಆಟಿಕೆಯಿಂದಲೇ ಮತ್ತೆ ಎದ್ದಿತು.

ನಾನು ಹೇಳಬೇಕೆಂದಿದ್ದು 13ನೇ ಕಂತು. ಅಮುರೊ ತಾನು ಹುಟ್ಟಿದ ಊರಿಗೆ ಹೋಗುತ್ತಾನೆ. ಮನೆಯಲ್ಲಿ ತಮ್ಮದೇ ಕಡೆಯ ಸೈನಿಕರು ಕುಡಿದು ಕೂತಿದ್ದಾರೆ. ಅಮ್ಮ ನಿರಾಶ್ರಿತರ ಶಿಬಿರದಲ್ಲಿ ಕೆಲಸ ಮಾಡುತ್ತಿದ್ದಾಳೆ ಅಂತ ಗೊತ್ತಾಗಿ ಅಲ್ಲಿಗೆ ಓಡುತ್ತಾನೆ. ಎಷ್ಟೋ ವರ್ಷದ ಮೇಲೆ ಸಿಕ್ಕ ತಾಯಿ. ಇನ್ನೂ ಸರಿಯಾಗಿ ಮಾತಾಡಿಲ್ಲ, ಅಷ್ಟರಲ್ಲಿ ಜಿಯಾನ್ ಸೈನಿಕರು ತಪಾಸಣೆಗೆ ಬರುತ್ತಾರೆ. ಅಮ್ಮ ಅವನನ್ನು ರೋಗಿಯ ಹಾಗೆ ಮಲಗಿಸಿ ಹೊದಿಕೆ ಎಳೆಯುತ್ತಾಳೆ. ಅವನ ಹತ್ತಿರ ಇರುವ ಸಂಪರ್ಕದ ಉಪಕರಣ ಶಬ್ದ ಮಾಡುತ್ತದೆ. ಸೈನಿಕ ಹೊದಿಕೆಗೆ ಕೈ ಹಾಕುವಷ್ಟರಲ್ಲಿ ಒಳಗಿನಿಂದಲೇ ಗುಂಡು ಹಾರುತ್ತದೆ.

ಆಮೇಲೆ ಅಮ್ಮ ಮಗನನ್ನು ಅಪ್ಪಿಕೊಳ್ಳುವುದಿಲ್ಲ. ಅವಳ ಮುಖ ಬಿಳಿಚಿಕೊಂಡಿರುತ್ತದೆ. ಆ ಸೈನಿಕನಿಗೂ ಮಕ್ಕಳಿರಬಹುದು ಅನ್ನುತ್ತಾಳೆ. ಇಂಥ ಮಗನನ್ನು ನಾನು ಬೆಳೆಸಲಿಲ್ಲ ಅನ್ನುವ ಹಾಗೆ ನೋಡುತ್ತಾಳೆ. ಕೊನೆಗೆ ಅವನು ಅವಳಿಗೆ ಸೈನಿಕನ ಸಲ್ಯೂಟ್ ಹೊಡೆದು ತಿರುಗಿ ಹೋಗುತ್ತಾನೆ, ಅವಳು ನೆಲಕ್ಕೆ ಕುಸಿದು ಅಳುತ್ತಾಳೆ. ಇಬ್ಬರದೂ ತಪ್ಪಲ್ಲ. ಊರು ಬಿಟ್ಟು ಆರು ವರ್ಷವಾಗಿದ್ದ ನನಗೆ ಅವತ್ತು ನಿದ್ದೆ ಬರಲಿಲ್ಲ. ನಮ್ಮಲ್ಲಿ ಆಗ ರಾತ್ರಿ ಎಂಟೂವರೆ ಇರಬೇಕು, ಅಮ್ಮನಿಗೆ ಫೋನ್ ಮಾಡಿದೆ. ಏನೂ ಹೇಳಲಿಲ್ಲ, ಊಟ ಆಯ್ತಾ ಅಂತ ಕೇಳಿದೆ ಅಷ್ಟೆ.

ಈ ಭಾಗ ಮೊದಲ ಸಿನಿಮಾದಲ್ಲೂ ಇದೆ, ಸಂಜೆಬಸ್ಸು ಅವರ ದಾರಿ ಹಿಡಿದರೂ ತಪ್ಪಿಹೋಗುವುದಿಲ್ಲ. ಆದರೆ ಹನ್ನೆರಡು ಕಂತು ಆ ಹುಡುಗನ ಜೊತೆ ಅಲೆದು ಆಮೇಲೆ ಅಮ್ಮನ ಬಾಗಿಲಿಗೆ ಬಂದರೆ ಅದು ಬೇರೆಯೇ ಆಗಿ ತಟ್ಟುತ್ತದೆ.


ಕಡ್ಲೆಪುರಿ:

ಎಲ್ಲಾ ಓದಿದೆ, ಎರಡೆರಡು ಸಲ. ನಿನ್ನೆ ರಾತ್ರಿ ಮೊದಲ ಕಂತು ಮತ್ತೆ ಹಾಕಿ ಪೂರ್ತಿ ನೋಡಿದೆ. ಕೈಪಿಡಿ ಓದುವುದು ನೋಡಿ ಮೈ ಜುಮ್ಮೆಂದಿತು. ಜಿಕ್ವಾಕ್ಸ್‌ನಲ್ಲಿ ಅದೇ ಜಾಗದಲ್ಲಿ ಶಾರ್ ಆ ಯಂತ್ರ ಹತ್ತುತ್ತಾನಲ್ಲ, ಅದು ಯಾಕೆ ಅಷ್ಟು ದೊಡ್ಡ ವಿಷಯ ಅಂತ ಈಗ ಗೊತ್ತಾಯಿತು. ಆ ಹುಡುಗ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ತಾನೇ ಅವರು ಕೇಳುತ್ತಿರುವುದು?

ಸರಣಿಯೇ ನೋಡುತ್ತೇನೆ, ನೀಲಿಕೊಡೆಯವರು ಹೇಳಿದ ಹಾಗೆ ಊಟದ ಜೊತೆ ದಿನಕ್ಕೊಂದು. ಮೂರನೇ ಸಿನಿಮಾ ಕೊನೆಗೆ ಇಟ್ಟುಕೊಂಡಿದ್ದೇನೆ. 14 ಮುಗಿದ ದಿನ ಇಲ್ಲಿಗೇ ಬಂದು ಬರೆಯುತ್ತೇನೆ. ಹಳೇಟೀವಿ, ಇರಿ ಅಷ್ಟು ಹೊತ್ತಿಗೆ.