ಸುಪ್ರೀಂ ಕೋರ್ಟೇ ಆಗಲ್ಲ ಅಂದಮೇಲೂ ಹೋರಾಟ ಯಾಕೆ? (ವಕೀಲರನ್ನು ಕೇಳಿ)

ಪ್ರಶ್ನೆ: ಮೇಡಂ, ನಾನು, ನನ್ನ ಗೆಳತಿ ವಿದ್ಯಾನಗರದಾಗೆ ಬಾಡಿಗೆ ಮನೆ ಮಾಡ್ಕೊಂಡು ಸಂಸಾರ ಮಾಡ್ತಿದೀವಿ. ಇಬ್ರೂ ಹೆಣ್ಮಕ್ಕಳು, ಅದಕ್ಕೇ ನಮ್ಮ ಮದುವೆ ರಿಜಿಸ್ಟರ್ ಆಗಲ್ಲ ಅಂತ ಗೊತ್ತೈತ್ರಿ. 2023ರಾಗೆ ಸುಪ್ರೀಂ ಕೋರ್ಟೇ ಆಗಲ್ಲ ಅಂತು. ಆದ್ರೂ ಬೆಂಗಳೂರಾಗೆ ಮೆರವಣಿಗೆ, ಅರ್ಜಿ ಅಂತ ಓಡಾಡ್ತಾರಲ್ಲ, ಅದರಿಂದ ನಮ್ಮಂಥೋರಿಗೆ ಏನು ಬಂತ್ರಿ?

ಉತ್ತರ (ವಕೀಲೆ, ದಾವಣಗೆರೆ): ಬಂದಿದೆ ತಂಗಿ, ತಡವಾಗಿ ಬಂದಿದೆ. ಸಲಿಂಗ ಸಂಬಂಧವನ್ನು ಅಪರಾಧ ಅಂತಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ಕಥೆ ನೋಡಿ. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಅಂತ 2009ರಲ್ಲಿ ದೆಹಲಿ ಹೈಕೋರ್ಟ್ ಹೇಳಿತಲ್ಲ, ಆ ತೀರ್ಪಿನೊಳಗೆ 2004ರ ಬೆಂಗಳೂರಿನ ಒಂದು ಘಟನೆ ಇದೆ. ಸಾಮೂಹಿಕ ಅತ್ಯಾಚಾರಕ್ಕೆ ಒಳಗಾದ ಹಿಜ್ರಾ ಒಬ್ಬರನ್ನು ಪೊಲೀಸರು ಕಿಟಕಿಗೆ ಬೇಡಿ ಬಿಗಿದು ಹಿಂಸಿಸಿದ್ದು. ದೆಹಲಿಯ ನ್ಯಾಯಮೂರ್ತಿಗಳಿಗೆ ಇದು ತಾನಾಗೇ ತಿಳಿಯಲಿಲ್ಲ. ಯಾರೋ ಕೇಳಿಸಿಕೊಂಡು, ಬರೆದಿಟ್ಟು, ಕೋರ್ಟಿಗೆ ಮುಟ್ಟಿಸಿದರು. ಮೆರವಣಿಗೆ ಎಲ್ಲರಿಗೂ ಕಾಣುತ್ತೆ, ಈ ಕೆಲಸ ಕಾಣಲ್ಲ. ನನ್ನ ಮಟ್ಟಿಗೆ ಹೋರಾಟದ ಜೀವಾಳ ಇದೇ.

2013ರಲ್ಲಿ ಸುಪ್ರೀಂ ಕೋರ್ಟ್ ಆ ಹೈಕೋರ್ಟ್ ತೀರ್ಪನ್ನು ತಿರುಗಿಸಿತು, ನೀವು ಅತಿ ಸಣ್ಣ ಸಂಖ್ಯೆಯವರು ಅಂದಿತು. ಆಮೇಲೆ ನೃತ್ಯ ಕಲಾವಿದ ನವತೇಜ್ ಸಿಂಗ್ ಜೋಹರ್ ಮುಂತಾದವರು ತಮ್ಮದೇ ಹೆಸರು ಹಾಕಿ ಅರ್ಜಿ ಕೊಟ್ಟರು. 2018ರ ಸೆಪ್ಟೆಂಬರ್ 6ಕ್ಕೆ ಗೆದ್ದರು.

ಮದುವೆ ವಿಚಾರದಲ್ಲಿ ಸೋತಿದ್ದು ನಿಜ. 2023ರ ಅಕ್ಟೋಬರ್ 17ರಂದು ಐದೂ ನ್ಯಾಯಮೂರ್ತಿಗಳು ಮದುವೆ ಮೂಲಭೂತ ಹಕ್ಕಲ್ಲ, ಕಾನೂನು ಮಾಡೋದು ಸಂಸತ್ತಿಗೆ ಬಿಟ್ಟಿದ್ದು ಅಂದರು. ಜೋಡಿಗಳ ಸಂಬಂಧಕ್ಕಾದರೂ ಮಾನ್ಯತೆ ಬೇಕು ಅಂದವರು ಇಬ್ಬರೇ. ಮರುಪರಿಶೀಲನಾ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು. ಆದರೆ ಆ ಕೇಸು ನಡೆದಿದ್ದಕ್ಕೇ ಕೇಂದ್ರ ಸರ್ಕಾರ ನಿಮ್ಮಂಥ ಜೋಡಿಗಳಿಗೆ ಸಿಗಬೇಕಾದ ಸೌಲಭ್ಯ ನೋಡಲು ಸಂಪುಟ ಕಾರ್ಯದರ್ಶಿ ನೇತೃತ್ವದಲ್ಲಿ ಸಮಿತಿ ಮಾಡಬೇಕಾಯಿತು. ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಅಂತ 2024ರ ಆಗಸ್ಟ್ 28ರಂದು ಹಣಕಾಸು ಸಚಿವಾಲಯ ಪ್ರಕಟಣೆ ಹೊರಡಿಸಿತು. ರೇಷನ್ ಕಾರ್ಡಿಗೂ ನಿಮ್ಮನ್ನು ಒಂದೇ ಮನೆಯವರೆಂದು ನೋಡಿ ಅಂತ ರಾಜ್ಯಗಳಿಗೆ ಸೂಚನೆ ಹೋಗಿದೆ.

ಪ್ರಶ್ನೆ: ಖಾತೆಗೆ ಹೋಗಿದ್ವಿ ಮೇಡಂ. ಕೌಂಟರಿನಾಗೆ "ಇವರು ನಿಮಗೆ ಏನಾಗಬೇಕು" ಅಂತ ಕೇಳಿ ಫಾರಂ ವಾಪಸ್ ಕೊಟ್ರು.

ಉತ್ತರ: ಮತ್ತೆ ಹೋಗಿ. ಆ ಪ್ರಕಟಣೆಯ ಪ್ರಿಂಟ್ ಜೊತೆಗಿರಲಿ. ಆಗಲ್ಲ ಅಂದರೆ ಲಿಖಿತ ದೂರು ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. 30 ದಿನ ಕಳೆದರೂ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ದೂರು ಕೊಡಬಹುದು, ಫೀಸಿಲ್ಲ. ಇನ್ನೊಂದು ಮಾತು, ನಾಮಿನಿ ಆದ ಮಾತ್ರಕ್ಕೆ ವಾರಸುದಾರರಾಗಲ್ಲ. ಇಬ್ಬರೂ ಉಯಿಲು ಬರೆದಿಡಿ. ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ. ರಿಜಿಸ್ಟರ್ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿಬಿಡಿ, ನಾಳೆ ಅಣ್ಣತಮ್ಮಂದಿರು ತಕರಾರು ತೆಗೆದರೆ ಆಧಾರ ಇರುತ್ತೆ.

ಮತ್ತೊಬ್ಬ ಸದಸ್ಯರು: ನಮ್ಮನೇಲಿ ಇನ್ನೂ ಗೊತ್ತಿಲ್ಲ ಮೇಡಂ. ಮುಖ ತೋರಿಸಿ ಹೋರಾಡೋ ಧೈರ್ಯ ಇಲ್ಲ.

ಉತ್ತರ: ಬೇಡವೇ ಬೇಡಪ್ಪ. ನಿಮ್ಮ ಸುರಕ್ಷತೆ ಮೊದಲು. ಎಲ್ಲಿ, ಯಾವತ್ತು, ಏನಂದು ತಿರಸ್ಕರಿಸಿದರು ಅಂತ ಬರೆದಿಟ್ಟುಕೊಳ್ಳಿ, ಕಾಗದ ಕೊಟ್ಟಿದ್ದರೆ ಎತ್ತಿಡಿ. ಮುಂದೆ ಸಮಿತಿಗೋ ಸಂಸತ್ತಿಗೋ ಮನವಿ ಸಲ್ಲಿಸುವವರಿಗೆ ಹೆಸರು ಮರೆಮಾಚಿ ಕೊಡಬಹುದು, ನೀವು ಒಪ್ಪಿದರೆ ಮಾತ್ರ.