ಐಸಿಯು ಬಿಡಲ್ಲ, ನರ್ಸ್ ಪ್ರಾಕ್ಟಿಷನರ್ ಆಗಬೇಕು: ಅಮೆರಿಕದಲ್ಲಿ ಓದುವವರ ಪ್ರಶ್ನೆಗಳು

ಪ್ರಶ್ನೆ: ನಮಸ್ಕಾರ ಅಕ್ಕಾ. ಊರಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿ, ಎನ್‌ಕ್ಲೆಕ್ಸ್ (ಅಮೆರಿಕದ ನರ್ಸ್ ಲೈಸೆನ್ಸ್ ಪರೀಕ್ಷೆ) ಪಾಸಾಗಿ ಅಮೆರಿಕಕ್ಕೆ ಬಂದವಳು ನಾನು. ಇಲ್ಲಿ ಮೆಡಿಕಲ್ ಐಸಿಯುನಲ್ಲಿ ನಾಲ್ಕು ವರ್ಷದಿಂದ ನೈಟ್ ಡ್ಯೂಟಿ. ನರ್ಸ್ ಪ್ರಾಕ್ಟಿಷನರ್ (ರೋಗ ಪತ್ತೆ ಮಾಡಿ ಔಷಧಿಯನ್ನೂ ಬರೆಯುವ ನರ್ಸ್) ಓದಬೇಕು ಅಂತ ಆಸೆ. ಜೊತೆಯವರೆಲ್ಲ "ಫ್ಯಾಮಿಲಿ ಟ್ರ್ಯಾಕ್ ತಗೋ, ಎಲ್ಲಿ ಬೇಕಾದರೂ ಕೆಲಸ ಸಿಗುತ್ತೆ" ಅನ್ನುತ್ತಾರೆ. ನನಗೆ ಐಸಿಯು ಬಿಡುವ ಮನಸ್ಸಿಲ್ಲ. ಏನು ತಗೊಳ್ಳಲಿ? ಎಂಎಸ್‌ಎನ್ (ನರ್ಸಿಂಗ್ ಮಾಸ್ಟರ್ಸ್) ಸಾಕಾ, ಡಿಎನ್‌ಪಿನೇ (ನರ್ಸಿಂಗ್ ಡಾಕ್ಟರೇಟ್) ಆಗಬೇಕಾ?

ಉತ್ತರ: ಐಸಿಯುನಲ್ಲೇ ಇರುವುದಾದರೆ ಅಡಲ್ಟ್-ಜೆರಂಟಾಲಜಿ ಅಕ್ಯೂಟ್ ಕೇರ್ (ದೊಡ್ಡವರ, ವಯಸ್ಸಾದವರ ತೀವ್ರ ಕಾಯಿಲೆ ನೋಡುವ ಟ್ರ್ಯಾಕ್) ತಗೊಳ್ಳಿ. ಎರಡು ಮಾತಿಲ್ಲ.

"ಎಲ್ಲಿ ಬೇಕಾದರೂ ಕೆಲಸ" ಅನ್ನುವುದು ಹಳೆಯ ಲೆಕ್ಕ. 2008ರಲ್ಲಿ ಕನ್ಸೆನ್ಸಸ್ ಮಾಡೆಲ್ ಅಂತ ಒಂದು ಚೌಕಟ್ಟು ಬಂತು. ನೀವು ಯಾವ ಬಗೆಯ ರೋಗಿಗಳಿಗಾಗಿ ಓದಿದ್ದೀರೋ ಅವರನ್ನೇ ನೋಡಬೇಕು ಅನ್ನುವುದು ಅದರ ತಿರುಳು. ಅದರಲ್ಲಿ ದೊಡ್ಡವರ ವಿಭಾಗ ಮತ್ತು ಮಕ್ಕಳ ವಿಭಾಗ ಎರಡನ್ನೂ ಪ್ರೈಮರಿ ಕೇರ್, ಅಕ್ಯೂಟ್ ಕೇರ್ ಅಂತ ಬೇರೆ ಮಾಡಿದ್ದಾರೆ. ಫ್ಯಾಮಿಲಿ ಟ್ರ್ಯಾಕ್ ಪೂರ್ತಿ ಪ್ರೈಮರಿ ಕೇರ್, ಅಂದರೆ ದಿನನಿತ್ಯದ ಸಾಮಾನ್ಯ ಆರೈಕೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಅಕ್ಯೂಟ್ ಕೇರ್ ಅಂದರೆ ಆಸ್ಪತ್ರೆಯ ಕಟ್ಟಡ ಅಂತಲ್ಲ. ರೋಗಿಯ ಸ್ಥಿತಿ ಹೇಗಿದೆ, ಯಾವ ಗಳಿಗೆಯಲ್ಲಿ ಹದಗೆಡಬಹುದು ಅನ್ನುವುದರ ಮೇಲೆ ಅದು ತೀರ್ಮಾನ ಆಗುವುದು.

ನನ್ನ ಗೆಳತಿಯೊಬ್ಬಳು ಫ್ಯಾಮಿಲಿ ಓದಿ ಐಸಿಯುಗೆ ಸೇರಿದ್ದಳು. ಮೂರು ವರ್ಷ ಎಲ್ಲ ಸರಿಯಿತ್ತು. ಆಮೇಲೆ ಆಸ್ಪತ್ರೆಯವರು "ಅಕ್ಯೂಟ್ ಕೇರ್ ಸರ್ಟಿಫಿಕೇಷನ್ ತೋರಿಸಿ" ಅಂದರು. ಪಾಪ, ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಮತ್ತೆ ಪೋಸ್ಟ್-ಗ್ರ್ಯಾಜುಯೇಟ್ ಸರ್ಟಿಫಿಕೇಟ್ ಮಾಡಿದಳು. ಮೊದಲೇ ಸರಿಯಾದ ಬಾಗಿಲಲ್ಲಿ ಹೋಗುವುದು ಒಳ್ಳೆಯದಲ್ವಾ?

ಡಿಎನ್‌ಪಿ ವಿಷಯ. 2015ರ ಹೊತ್ತಿಗೆ ಎಲ್ಲರೂ ಡಾಕ್ಟರೇಟ್ ಮಟ್ಟಕ್ಕೆ ಬರಬೇಕು ಅಂತ ನರ್ಸಿಂಗ್ ಕಾಲೇಜುಗಳ ಸಂಘ 2004ರಲ್ಲೇ ಹೇಳಿತ್ತು. ಆ ಗಡುವು ಕಳೆದುಹೋಯಿತು. ಇವತ್ತಿಗೂ ಎಂಎಸ್‌ಎನ್ ಮಾಡಿದವರು ಪರೀಕ್ಷೆ ಬರೆಯಬಹುದು, ಲೈಸೆನ್ಸ್ ಪಡೆಯಬಹುದು. ಅರಿವಳಿಕೆ ಕೊಡುವ ನರ್ಸ್‌ಗಳ ಕಥೆ ಬೇರೆ, ಹೊಸದಾಗಿ ಸೇರುವವರಿಗೆ ಡಾಕ್ಟರೇಟ್ ಕಡ್ಡಾಯ ಆಗಿದೆ. ಮುಂದೆ ಪಾಠ ಮಾಡುವ, ಆಡಳಿತಕ್ಕೆ ಹೋಗುವ ಯೋಚನೆ ಇದ್ದರೆ ಡಿಎನ್‌ಪಿ ಮಾಡಿ. ರೋಗಿಯ ಪಕ್ಕದಲ್ಲೇ ಇರಬೇಕು ಅಂದರೆ ಎಂಎಸ್‌ಎನ್ ಸಾಕು. ಇದು ನನ್ನ ಅಭಿಪ್ರಾಯ, ಇದಕ್ಕೆ ಬೈಯುವವರೂ ಇದ್ದಾರೆ.

ಪ್ರಶ್ನೆ: ಧನ್ಯವಾದ ಅಕ್ಕಾ. ಒಂದು ಅಳುಕು. ವೆಂಟಿಲೇಟರ್, ಡ್ರಿಪ್, ಸಿಆರ್‌ಆರ್‌ಟಿ (ನಿಲ್ಲದೆ ನಡೆಯುವ ಡಯಾಲಿಸಿಸ್) ಎಲ್ಲ ದಿನಾ ನೋಡುತ್ತೇನೆ. ಓದು ಸುಲಭ ಆಗುತ್ತಾ?

ಉತ್ತರ: ಅರ್ಧ ಸುಲಭ ಆಗುತ್ತೆ. ಇನ್ನರ್ಧ ಅದೇ ಕಾಲಿಗೆ ತೊಡಕಾಗುತ್ತೆ.

ಶುರುವಿನಲ್ಲಿ "ತ್ರೀ ಪೀಸ್" (ಇಂಗ್ಲಿಷಿನ P ಅಕ್ಷರದ ಮೂರು ವಿಷಯ) ಇರುತ್ತೆ: ಅಡ್ವಾನ್ಸ್ಡ್ ಪ್ಯಾಥೊಫಿಸಿಯಾಲಜಿ, ಫಾರ್ಮಕಾಲಜಿ, ಫಿಸಿಕಲ್ ಅಸೆಸ್‌ಮೆಂಟ್. ಮೂರೂ ಬೇರೆ ಬೇರೆ ಕೋರ್ಸ್ ಆಗಿಯೇ ಇರಬೇಕು. ಇವು ಕಷ್ಟವೇ, ಆದರೆ ಕೂತು ಓದಿದರೆ ದಾಟಬಹುದು. ನನ್ನನ್ನು ಕೆಡವಿದ್ದು ಕ್ಲಿನಿಕಲ್, ಅಂದರೆ ಆಸ್ಪತ್ರೆಯಲ್ಲಿ ಮಾಡುವ ತರಬೇತಿ.

ಮೊದಲ ದಿನ ಹೇಳುತ್ತೇನೆ ಕೇಳಿ. ನ್ಯುಮೋನಿಯಾ ಆದ ಒಬ್ಬ ಅಜ್ಜ. ಮೀನ್ (ಸರಾಸರಿ) ಬಿಪಿ 54, ಲ್ಯಾಕ್ಟೇಟ್ (ದೇಹಕ್ಕೆ ರಕ್ತ ಸಾಲುತ್ತಿಲ್ಲ ಅನ್ನುವ ಸೂಚನೆ) 5, ಹೃದಯದ ಇಜೆಕ್ಷನ್ ಫ್ರ್ಯಾಕ್ಷನ್ (ಪ್ರತಿ ಬಡಿತಕ್ಕೆ ಹೊರಹಾಕುವ ರಕ್ತದ ಪಾಲು) ಬರೀ ಶೇ. 25. ನನ್ನ ಪ್ರಿಸೆಪ್ಟರ್ (ಜೊತೆ ನಿಂತು ಕಲಿಸುವವರು) "ಈಗೇನು ಮಾಡುತ್ತೀಯ?" ಅಂದರು. ನನ್ನ ಬಾಯಿಂದ ತಟ್ಟನೆ ಬಂದದ್ದು "ಡಾಕ್ಟರಿಗೆ ತಿಳಿಸುತ್ತೇನೆ". ಅವರು ನಕ್ಕು, "ಸರಿ, ಫೋನ್ ಮಾಡಿದೆ ಅಂತಿಟ್ಟುಕೋ. ಆ ಕಡೆ ಫೋನ್ ಎತ್ತಿದ್ದೂ ನೀನೇ" ಅಂದರು.

ಬ್ಲಡ್ ಕಲ್ಚರ್, ಒಂದು ಗಂಟೆಯೊಳಗೆ ಆಂಟಿಬಯಾಟಿಕ್, ಅಷ್ಟು ಹೇಳಿದೆ. ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳು ಕೆಡುವ ಸ್ಥಿತಿ) ಗೈಡ್‌ಲೈನ್ ಕಿಲೋಗೆ 30 ಎಂಎಲ್ ಫ್ಲೂಯಿಡ್ ಅನ್ನುತ್ತೆ. ಈ ಹೃದಯಕ್ಕೆ ಅಷ್ಟನ್ನೂ ಒಟ್ಟಿಗೆ ಸುರಿಯಬೇಕಾ? ಸ್ವಲ್ಪ ಸ್ವಲ್ಪ ಕೊಟ್ಟು ಮತ್ತೆ ಮತ್ತೆ ನೋಡಬೇಕಾ? ನಾರ್ಎಪಿನೆಫ್ರಿನ್ (ಬಿಪಿ ಏರಿಸುವ ಔಷಧಿ) ಯಾವಾಗ ಶುರು ಮಾಡಬೇಕು? ಮೀನ್ 65ಕ್ಕೆ ತರಬೇಕು ಅನ್ನುವುದು ಗೊತ್ತು. ದಾರಿ ಯಾವುದು? ಪಂಪ್‌ನಲ್ಲಿ ಡೋಸ್ ಏರಿಸಿ ಇಳಿಸಿ ನನ್ನ ಕೈ ಪಳಗಿತ್ತು. ಎಷ್ಟು, ಯಾಕೆ, ಎಲ್ಲಿಗೆ ನಿಲ್ಲಿಸಬೇಕು ಅಂತ ಆರ್ಡರ್ ಬರೆಯುವ ಕೈ ಪಳಗಿರಲಿಲ್ಲ. ಅದು ಪಳಗಲು ನನಗೆ ಹತ್ತಿರಹತ್ತಿರ ಒಂದು ವರ್ಷ ಹಿಡಿಯಿತು.

ಪ್ರಶ್ನೆ (ಇನ್ನೊಬ್ಬರು): ಮೇಡಂ, ಪೂರ್ತಿ ಆನ್‌ಲೈನ್ ಅಂತ ಜಾಹೀರಾತು ನೋಡಿದೆ. ಜಿಆರ್‌ಇ (ಪ್ರವೇಶ ಪರೀಕ್ಷೆ) ಬೇಡ, ಕ್ಯಾಂಪಸ್‌ಗೆ ಬರುವುದೂ ಬೇಡ ಅಂತಾರೆ. ಸೇರಬಹುದಾ?

ಉತ್ತರ: ಪಾಠ ಆನ್‌ಲೈನ್ ಇದ್ದರೆ ತೊಂದರೆ ಇಲ್ಲ ಸರ್. ರೋಗಿ ಆನ್‌ಲೈನ್ ಇರಲ್ಲ. ಕ್ಲಿನಿಕಲ್ ಗಂಟೆಗಳನ್ನು ಆಸ್ಪತ್ರೆಯಲ್ಲಿ ನಿಂತೇ ಮಾಡಬೇಕು. ಮೊದಲೆಲ್ಲ ಕನಿಷ್ಠ 500 ಗಂಟೆ ಅಂತಿತ್ತು. 2022ರ ರಾಷ್ಟ್ರೀಯ ಮಾನದಂಡ ಅದನ್ನು 750ಕ್ಕೆ ಏರಿಸಿದೆ. ಡಿಎನ್‌ಪಿಗೆ ಬಿಎಸ್ಸಿ ಆದ ಮೇಲಿಂದ ಒಟ್ಟು 1,000 ಗಂಟೆ ಕೇಳುವ ಕಾಲೇಜುಗಳಿವೆ.

ಜಿಆರ್‌ಇ ಇದೆಯೋ ಇಲ್ಲವೋ ಬಿಡಿ. ಕೇಳಬೇಕಾದ್ದು ಒಂದೇ: ಪ್ರಿಸೆಪ್ಟರ್‌ನ ಯಾರು ಹುಡುಕಿಕೊಡುತ್ತಾರೆ? ಕಾಲೇಜೇ ಜಾಗ ಕೊಡುತ್ತಾ, ಇಲ್ಲಾ "ನೀವೇ ನೋಡಿಕೊಳ್ಳಿ" ಅನ್ನುತ್ತಾ? ಫೋನಲ್ಲಿ ಕೇಳಬೇಡಿ, ಇಮೇಲ್‌ನಲ್ಲಿ ಉತ್ತರ ತಗೊಳ್ಳಿ. ಫೀಸು ಕಟ್ಟಿ, ಪಾಠ ಮುಗಿಸಿ, ಐಸಿಯು ಪ್ರಿಸೆಪ್ಟರ್ ಸಿಗದೆ ಸೆಮಿಸ್ಟರ್‌ಗಟ್ಟಲೆ ಕಾದವರನ್ನು ನೋಡಿದ್ದೇನೆ. ಸಿಸಿಎನ್‌ಇ ಅಥವಾ ಎಸಿಇಎನ್ (ನರ್ಸಿಂಗ್ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಸಂಸ್ಥೆಗಳು) ಮಾನ್ಯತೆ ಇದೆಯಾ ನೋಡಿ. ಬೇರೆ ರಾಜ್ಯದ ಕಾಲೇಜಾದರೆ, ನಿಮ್ಮ ರಾಜ್ಯದಲ್ಲಿ ಕ್ಲಿನಿಕಲ್ ಮಾಡಿಸಲು ಅದಕ್ಕೆ ಅನುಮತಿ ಇದೆಯಾ ಅಂತಲೂ ಕೇಳಿ. ಇದನ್ನು ತುಂಬಾ ಜನ ಮರೆಯುತ್ತಾರೆ.

ಪ್ರಶ್ನೆ (ಅದೇ ಸದಸ್ಯರು): ಓದಿದ ಮೇಲೆ ಯಾವ ಪರೀಕ್ಷೆ? ಎರಡಿದೆ ಅಂತಾರೆ.

ಉತ್ತರ: ಎಎನ್‌ಸಿಸಿ ಅನ್ನುವ ನರ್ಸ್ ಸರ್ಟಿಫಿಕೇಷನ್ ಸಂಸ್ಥೆಯವರದ್ದು ಎಜಿಎಸಿಎನ್‌ಪಿ-ಬಿಸಿ, ಎಎಸಿಎನ್‌ನವರದ್ದು ಎಸಿಎನ್‌ಪಿಸಿ-ಎಜಿ. ಎರಡರಲ್ಲೂ 175 ಪ್ರಶ್ನೆ, ಅಂಕಕ್ಕೆ ಹಿಡಿಯುವುದು 150. ಯಾವುದು ಬರೆದರೂ ನಡೆಯುತ್ತೆ. ಒಂದು ತಮಾಷೆ: ಎಎಸಿಎನ್ ಅಂತ ಎರಡು ಸಂಸ್ಥೆಗಳಿವೆ. ಪರೀಕ್ಷೆ ನಡೆಸುವುದು ಕ್ರಿಟಿಕಲ್ ಕೇರ್ ನರ್ಸ್‌ಗಳ ಸಂಘ. ಮೇಲೆ ನಾನು ಹೇಳಿದ ಕಾಲೇಜುಗಳ ಸಂಘಕ್ಕೂ ಅದೇ ನಾಲ್ಕಕ್ಷರ. ನಾನು ಮೊದಲ ಸಲ ತಪ್ಪು ವೆಬ್‌ಸೈಟ್‌ನಲ್ಲಿ ಅರ್ಧ ಗಂಟೆ ಅರ್ಜಿ ಹುಡುಕಿದ್ದೆ!

ಮಕ್ಕಳ ಐಸಿಯು ಬೇಕಾದವರಿಗೆ ಬೇರೆ ಟ್ರ್ಯಾಕ್, ಬೇರೆ ಪರೀಕ್ಷೆ. ಇದು ಅದಕ್ಕೆ ಆಗಲ್ಲ.

ಪ್ರಶ್ನೆ (ಮೊದಲಿನವರು): ಪಾಸಾದ ಮೇಲೆ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಟ್ಯೂಬ್ ಹಾಕುವುದು), ಇಂಟ್ಯುಬೇಷನ್ (ಉಸಿರಾಟಕ್ಕೆ ಗಂಟಲಲ್ಲಿ ಟ್ಯೂಬ್ ಹಾಕುವುದು) ನಾವೇ ಮಾಡಬಹುದಾ? ಫೆಲೋಶಿಪ್ ಮಾಡಬೇಕಾ?

ಉತ್ತರ: ಪಾಸಾದ ತಕ್ಷಣ ಆಗಲ್ಲ. ಲೈಸೆನ್ಸ್ ಬಂದ ಮೇಲೆ ಆಸ್ಪತ್ರೆ ನಿಮಗೆ ಪ್ರಿವಿಲೇಜ್ (ಅಲ್ಲಿ ಆ ಕೆಲಸ ಮಾಡುವ ಅನುಮತಿ) ಕೊಡಬೇಕು. ಒಂದೊಂದು ಪ್ರೊಸೀಜರ್‌ನೂ ಬೇರೆಯವರು ನಿಂತು ನೋಡಿ ಸಹಿ ಹಾಕಿದ ಮೇಲೆ ನಿಮ್ಮ ಪಾಲಿಗೆ. ರಾಜ್ಯದ ಕಾನೂನೂ ಇದೆ. ಕೆಲವು ರಾಜ್ಯಗಳಲ್ಲಿ ಸ್ವತಂತ್ರವಾಗಿ ಕೆಲಸ ಮಾಡಬಹುದು. ಟೆಕ್ಸಾಸ್‌ನಂಥ ಕಡೆ ಔಷಧಿ ಬರೆಯಲು ಡಾಕ್ಟರ್ ಜೊತೆ ಒಪ್ಪಂದ ಬೇಕು.

ಫೆಲೋಶಿಪ್ (ಓದು ಮುಗಿದ ಮೇಲಿನ ತರಬೇತಿ) ಕಡ್ಡಾಯ ಅಲ್ಲ. ಸಾಮಾನ್ಯವಾಗಿ ಒಂದು ವರ್ಷ, ಸಂಬಳ ಕಡಿಮೆ. ನಿಮ್ಮದೇ ಐಸಿಯುನಲ್ಲಿ ಕೈಹಿಡಿದು ಕಲಿಸುವವರಿದ್ದರೆ ಬೇಡ. ಹೊಸ ಊರು, ಹೊಸ ಆಸ್ಪತ್ರೆ, ರಾತ್ರಿ ಒಬ್ಬರೇ ಇರಬೇಕಾದ ಕೆಲಸ ಅಂದರೆ ಮಾಡಿ. ಆ ಒಂದು ವರ್ಷದ ಸಂಬಳದ ಲೆಕ್ಕ ಹಾಕಬೇಡಿ.

ಪ್ರಶ್ನೆ (ಮೊದಲಿನವರು): ಕೊನೆಯದು ಅಕ್ಕಾ. ಫುಲ್‌ಟೈಮ್ ನೈಟ್ ಮಾಡಿಕೊಂಡು ಓದಬಹುದಾ?

ಉತ್ತರ: ಪಾಠದ ಸೆಮಿಸ್ಟರ್‌ಗಳಲ್ಲಿ ಆಗುತ್ತೆ, ನಾನೂ ಮಾಡಿದ್ದೆ. ಕ್ಲಿನಿಕಲ್ ಶುರುವಾದ ಮೇಲೆ ಶಿಫ್ಟ್ ಕಡಿಮೆ ಮಾಡಿಸಿ. ನೈಟ್ ಮುಗಿಸಿ ಬೆಳಗ್ಗೆ ಏಳಕ್ಕೆ ನೇರ ರೌಂಡ್ಸ್‌ಗೆ ಹೋಗಿ ನಿಂತಲ್ಲೇ ತೂಕಡಿಸಿ, ಪ್ರಿಸೆಪ್ಟರ್ ಕೈಲಿ ಮನೆಗೆ ಕಳಿಸಿಕೊಂಡವಳು ನಾನು. ಆ ದಿನದ ಗಂಟೆಗಳೂ ಲೆಕ್ಕಕ್ಕೆ ಬರಲಿಲ್ಲ. ಈಗಲೇ ಮ್ಯಾನೇಜರ್ ಹತ್ತಿರ ಮಾತಾಡಿಡಿ. ಓದಿಗೆ ಫೀಸು ಸಹಾಯ ಕೊಡುವ ಆಸ್ಪತ್ರೆಗಳಿವೆ, ಅದನ್ನೂ ಅದೇ ದಿನ ಕೇಳಿಬಿಡಿ.