ಸಬ್‌ಟೈಪ್‌ಗೆ ‘ಉಪಪ್ರಭೇದ’ ಸಲ್ಲುವುದೇ?

ಮಾನ್ಯರೇ,

ಮುಂಬಯಿಯ ಕನ್ನಡ ಓದುಗರಿಗಾಗಿ, ವಾಂತಿಭೇದಿಯ ಹಾವಳಿಗೆ ಕಾರಣವಾದ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯಗಳು ಹೇಗೆ ಗುರುತಿಸುತ್ತವೆ ಎಂಬ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಪದೇಪದೇ ಬರುವ ‘ಸಬ್‌ಟೈಪ್’ (ಒಂದೇ ಬ್ಯಾಕ್ಟೀರಿಯಾದೊಳಗಿನ ಇನ್ನೂ ಸೂಕ್ಷ್ಮವಾದ ವಿಂಗಡಣೆ) ಎಂಬುದಕ್ಕೆ ‘ಉಪಪ್ರಭೇದ’ ಎಂದು ಬರೆಯುವಂತೆ ಸಲಹೆ ಬಂದಿದೆ. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ.

ಜೀವವಿಜ್ಞಾನದ ಕನ್ನಡದಲ್ಲಿ ಪ್ರಭೇದವೆಂದರೆ ಸ್ಪೀಷೀಸ್, ಉಪಪ್ರಭೇದವೆಂದರೆ ಸಬ್‌ಸ್ಪೀಷೀಸ್. ಭೇದಿ ತರುವ ಸಾಲ್ಮೊನೆಲ್ಲಾ ಎಂಟೆರಿಕಾ ಎಂಬ ಬ್ಯಾಕ್ಟೀರಿಯಾಕ್ಕೆ ಈ ಅರ್ಥದ ಉಪಪ್ರಭೇದಗಳೇ ಇವೆ. ಸಾಲ್ಮೊನೆಲ್ಲಾದ ಸೀರೋಟೈಪುಗಳಾದರೋ (ಹೊರಮೈಯ ಗುರುತುಗಳಿಂದ ವಿಂಗಡಿಸಿದ ಬಗೆಗಳು) 2,500ಕ್ಕೂ ಹೆಚ್ಚು. ಎರಡನ್ನೂ ಒಂದೇ ಪದದಿಂದ ಕರೆದರೆ ವಾಕ್ಯ ನಿಲ್ಲುವುದಿಲ್ಲ. ಕಾಲರಾ ತರುವ ವಿಬ್ರಿಯೊದಲ್ಲಿಯೂ ಒಗಾವಾ, ಇನಾಬಾ ಎಂಬ ಸೀರೋಟೈಪುಗಳಾಗಲಿ, ಎಲ್ ಟೋರ್ ಎಂಬ ಬಯೋಟೈಪಾಗಲಿ, 1992ರಲ್ಲಿ ಮದರಾಸಿನಲ್ಲಿ ಕಾಣಿಸಿಕೊಂಡ ಓ139 ಎಂಬ ಸೀರೋಗುಂಪಾಗಲಿ ಉಪಪ್ರಭೇದಗಳಲ್ಲ. (ಭೇದಿ, ಪ್ರಭೇದ ಎರಡೂ ‘ಭಿದ್’ ಧಾತುವಿನಿಂದಲೇ ಬಂದುವಾದ್ದರಿಂದ, ‘ಭೇದಿಯ ಉಪಪ್ರಭೇದಗಳ ಭೇದ’ ಎಂದು ಬರೆಯುವಾಗ ನಗೆಯೂ ಬರುತ್ತದೆ.)

ಇಲ್ಲಿನ ಮರಾಠಿ ಪತ್ರಿಕೆಗಳ ‘ಉಪಪ್ರಕಾರ’ ನಮ್ಮ ಕಿವಿಗೆ ಹತ್ತಿರವಾದರೂ, ಕನ್ನಡದಲ್ಲಿ ‘ಪ್ರಕಾರ’ ಸಾಹಿತ್ಯದ ಕಡೆಗೋ ‘ಅವರ ಪ್ರಕಾರ’ ಎಂಬ ಬಳಕೆಯ ಕಡೆಗೋ ವಾಲುತ್ತದೆ. ಓಮಿಕ್ರಾನ್ ಕಾಲದಲ್ಲಿ ನಮ್ಮ ಪತ್ರಿಕೆಗಳು ಬಳಸಿದ ‘ಉಪತಳಿ’ ಪರಿಚಿತವೇ ಹೌದು. ಆದರೆ ತಳಿಯನ್ನು ‘ಸ್ಟ್ರೇನ್’ಗೆ ಮೀಸಲಿಡಬೇಕಾಗಿದೆ. ಹೀಗಾಗಿ ನಾನು ‘ಒಳಬಗೆ’ಯತ್ತ ಒಲಿದಿದ್ದೇನೆ.

ಇನ್ನೊಂದು ತೊಡಕು ಪರೀಕ್ಷೆಯ ಫಲಿತಾಂಶವನ್ನು ಹೇಳುವ ಪದದ್ದು; ಅದು ಇದಕ್ಕಿಂತ ಗಹನವಾದುದು. ಅಮೆರಿಕದಲ್ಲಿ 1993ರಲ್ಲಿ ಹ್ಯಾಂಬರ್ಗರ್ ಮೂಲಕ ಇ. ಕೋಲೈ ಓ157:ಎಚ್7 ಎಂಬ ಬ್ಯಾಕ್ಟೀರಿಯಾ ಹರಡಿದ ಮೇಲೆ, 1996ರಲ್ಲಿ ಆರಂಭವಾದ ಪಲ್ಸ್‌ನೆಟ್ ಜಾಲದಲ್ಲಿ ಎಲ್ಲ ಪ್ರಯೋಗಾಲಯಗಳೂ ಪಲ್ಸ್ಡ್ ಫೀಲ್ಡ್ ಜೆಲ್ ಪರೀಕ್ಷೆಯನ್ನು (ಕತ್ತರಿಸಿದ ಡಿಎನ್‌ಎ ತುಂಡುಗಳನ್ನು ವಿದ್ಯುತ್ತಿನಿಂದ ಜೆಲ್‌ನಲ್ಲಿ ಓಡಿಸಿ ಪಟ್ಟೆಗಳಾಗಿ ಬಿಡಿಸುವ ವಿಧಾನ) ಒಂದೇ ಕ್ರಮದಲ್ಲಿ ನಡೆಸತೊಡಗಿದವು. ಡಿಎನ್‌ಎಯನ್ನು ಕತ್ತರಿಸುವ ಕಿಣ್ವ, ವಿದ್ಯುತ್ತಿನ ದಿಕ್ಕು ಬದಲಿಸುವ ಅವಧಿ, ಅಳತೆಗಾಗಿ ಜೊತೆಗೆ ಓಡಿಸುವ ಸಾಲ್ಮೊನೆಲ್ಲಾ ಬ್ರೇಂಡರಪ್ ತಳಿ ಇವೆಲ್ಲ ನಿಗದಿಯಾಗಿದ್ದುದರಿಂದಲೇ ಒಂದೂರಿನ ಪಟ್ಟೆಗಳನ್ನು ಇನ್ನೊಂದೂರಿನವುಗಳೊಡನೆ ಹೋಲಿಸಿ ನೋಡುವುದು ಸಾಧ್ಯವಾಯಿತು. 2019ರಲ್ಲಿ ಆ ಜಾಲ ಪೂರ್ಣ ಜೀನೋಮ್ ಓದುವ ವಿಧಾನಕ್ಕೆ ಹೊರಳಿತು.

ಪಟ್ಟೆಗಳು ಹೊಂದಿದರೆ ಇಂಗ್ಲಿಷಿನ ವರದಿಗಳು ‘ಐಡೆಂಟಿಕಲ್’ (ಒಂದೇ) ಎನ್ನದೆ ‘ಇನ್‌ಡಿಸ್ಟಿಂಗ್ವಿಶಬಲ್’ (ವ್ಯತ್ಯಾಸ ಗುರುತಿಸಲಾಗದ) ಎನ್ನುತ್ತವೆ. ಈ ಎಚ್ಚರಿಕೆಗೆ ಕಾರಣವಿದೆ: ಕಿಣ್ವ ಕತ್ತರಿಸುವ ತಾಣಗಳ ಆಚೆಗೆ ಅಡಗಿದ ವ್ಯತ್ಯಾಸ ಜೆಲ್‌ನಲ್ಲಿ ತೋರದೆಹೋಗಬಹುದು. ‘ಒಂದೇ’ ಎಂದು ಬರೆದರೆ ಪರೀಕ್ಷೆ ಹೇಳಿದ್ದಕ್ಕಿಂತ ಹೆಚ್ಚನ್ನು ಹೇಳಿದಂತಾಗುತ್ತದೆ. ‘ಬೇರ್ಪಡಿಸಲಾಗದ’ ಎಂದರೆ ಅಂಟಿಕೊಂಡಿವೆ ಎಂಬ ಅರ್ಥ ಬರುತ್ತದೆ. ಸದ್ಯಕ್ಕೆ ‘ಈ ವಿಧಾನದಲ್ಲಿ ವ್ಯತ್ಯಾಸ ಕಾಣದ’ ಎಂದು ಬಿಡಿಸಿ ಬರೆದಿದ್ದೇನೆ. ಕೋಷ್ಟಕದ ತಲೆಸಾಲಿನಲ್ಲಿ ಹಿಡಿಸುವಷ್ಟು ಚಿಕ್ಕದಾದ, ಆದರೆ ಈ ಎಚ್ಚರಿಕೆಯನ್ನು ಬಿಟ್ಟುಕೊಡದ ಪದವೊಂದು ತಮ್ಮ ಬಳಕೆಯಲ್ಲಿದ್ದರೆ ದಯವಿಟ್ಟು ಪ್ರಯೋಗಸಹಿತ ತಿಳಿಸಬೇಕು.